ಓಬಳಮ್ಮನ ಮುಖ ದಾವಣಗೆರೆಗೆ ಹೋದದ್ದು

ನೀವು ಹೂಂಗುಟ್ಟಿದರೆ ಹೇಳುತ್ತೇನೆ, ನಂಬಲೇಬೇಕೆಂದು ಒತ್ತಾಯಿಸುವುದಿಲ್ಲ.

ಹೆದ್ದಾರಿಯ ಪಕ್ಕದ ಒಂದೂರಿನಲ್ಲಿ ಓಬಳಮ್ಮ ಎಂಬ ತಾಯಿ. ಅವಳಿಗೆ ತಿಪ್ಪೇಶ ಎಂಬ ಮಗ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಅವ್ವ ಹೇಳುತ್ತಿದ್ದಳು, ತಿಪ್ಪೇಶ ಕೇಳುತ್ತಿದ್ದ, ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಓಬಳಮ್ಮನಿಗೆ ಅನಸೂಯ ಎಂಬ ಮಗಳೂ ಇದ್ದಳು. ಮೂರು ವರ್ಷದ ಹಿಂದೆ ಅವಳು ತಾನು ಮೆಚ್ಚಿದವನನ್ನು ಮದುವೆಯಾಗಿ ಬಂದು ಬಾಗಿಲಲ್ಲಿ ನಿಂತಾಗ ಓಬಳಮ್ಮ ಸಿಟ್ಟಿನಲ್ಲಿ, "ಇನ್ನು ನಿನ್ನ ಮುಖ ನನಗೆ ತೋರಿಸಬ್ಯಾಡ!" ಎಂದಿದ್ದಳು. ಅನಸೂಯ ದಾವಣಗೆರೆಗೆ ಹೊರಟುಹೋದಳು, ಮುಖ ತೋರಿಸಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ರೋಗ ಆ ಮನೆಯಲ್ಲಿ ತಿಪ್ಪೇಶನೊಬ್ಬನಿಗೇ ಇರಲಿಲ್ಲ.

ಕಳೆದ ವರ್ಷ ಅವಳು ತನ್ನ ಸ್ಕೂಟರನ್ನು ತಮ್ಮನಿಗೆಂದು ಪರಿಚಯದ ಲಾರಿಯಲ್ಲಿ ಹಾಕಿ ಕಳಿಸಿದಳು. ಕಾಗದಪತ್ರವೆಲ್ಲ ಅವಳ ಹೆಸರಿನಲ್ಲಿ, ದಾವಣಗೆರೆಯ ವಿಳಾಸದಲ್ಲಿ. ಓಬಳಮ್ಮ ಅದನ್ನು ದಿನವೂ ಸೆರಗಿನಿಂದ ಒರೆಸುತ್ತಿದ್ದಳು. ಒಂದು ದಿನವೂ ಅದರ ಮೇಲೆ ಕೂರಲಿಲ್ಲ. ಮನೆಯಲ್ಲಿ ಗುಂಡಿ ಒತ್ತುವ ಫೋನೊಂದಿತ್ತು, ಅದರಲ್ಲಿ ಮಗಳ ನಂಬರೂ ಇತ್ತು. ಒತ್ತುವುದಕ್ಕೆ ಬೆರಳು ಬಗ್ಗುತ್ತಿರಲಿಲ್ಲ. ದಾವಣಗೆರೆ ಬಸ್ಸಿನ ಹಾರನ್ನು ಕೇಳಿದರೆ ಮಾತ್ರ ಕೈಯ ಕೆಲಸ ನಿಲ್ಲಿಸಿ ರಸ್ತೆಯ ಕಡೆ ನೋಡುತ್ತಿದ್ದಳು.

ಆ ರಸ್ತೆಯ ತಿರುವಿನಲ್ಲಿ ಹಿಂದೆ ಒಂದು ಹುಣಸೆಮರವಿತ್ತು. ಓಡಿಹೋಗುವವರ ನೆರಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ರಸ್ತೆ ಅಗಲ ಮಾಡುವಾಗ ಮರ ಕಡಿದರು. ಅದರಿಂದ ಒಂದು ನೆರಳೂ ಉದುರಿದ್ದನ್ನು ನಾನು ಕೇಳಿಲ್ಲ. ಈಗ ಅಲ್ಲಿ ಒಂದು ಕಂಬ, ಕಂಬದ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ನಲವತ್ತು ಎಂದು ಬರೆದ ದುಂಡನೆಯ ಫಲಕ.

ಒಂದು ಬೆಳಿಗ್ಗೆ ಓಬಳಮ್ಮ ಹಾಲಿನ ಡಬ್ಬಿ ಕೊಟ್ಟು, "ಬಸ್ಸು ನಿಲ್ಲೋ ಗೇಟಿನ ಹೋಟೆಲಿಗೆ ಕೊಟ್ಟು ಬಾರ್ಲಾ. ಕ್ಯಾಮೆರಾ ಮುಂದೆ ನಿಧಾನ! ನಿಂತಂಗೆ ಹೋಗಬೇಕು ನೋಡು!" ಎಂದಳು.

ತಿಪ್ಪೇಶ ತಿರುವಿನಲ್ಲಿ ಇಳಿದು ಸ್ಕೂಟರು ತಳ್ಳಿದ. ಒಂದು ಹೆಜ್ಜೆ ಇಟ್ಟ, ನಿಂತ. ಒಂದು ಹೆಜ್ಜೆ ಇಟ್ಟ, ನಿಂತ. ಹೋಟೆಲು ಮುಟ್ಟುವಾಗ ಊಟದ ಹೊತ್ತು. ಡಬ್ಬಿಯಲ್ಲಿ ಹಾಲು ಒಡೆದಿತ್ತು.

"ಅಯ್ಯೋ ಮುಂಡೇದೇ! ಬಿಸಿಲಲ್ಲಿ ಹಾಲು ನಿಲ್ಲುತ್ತೇನೋ? ಗಾಳಿಯಂಗೆ ಹೋಗಿ ಗಾಳಿಯಂಗೆ ಬರಬೇಕು!"

"ಆಗಲವ್ವಾ!"

ಮಾರನೆಯ ದಿನ ಮೊಟ್ಟೆಯ ಬುಟ್ಟಿ. ತಿಪ್ಪೇಶ ಗಾಳಿಯ ಹಾಗೆ ಹೋದ. ಹಿಂದಿನಿಂದ ಪಳಕ್ಕನೆ ಬೆಳಕು ಮಿಂಚಿತು. ಹೋಟೆಲು ಮುಟ್ಟುವಾಗ ಬುಟ್ಟಿಯ ತುಂಬ ಸಿಪ್ಪೆ, ಅಂಗಿಯ ತುಂಬ ಲೋಳೆ.

"ಮೊಟ್ಟೆ ಹೋದವು, ಅದರ ಮೇಲೆ ಕ್ಯಾಮೆರಾಕ್ಕೂ ಸಿಕ್ಕಿಬಿದ್ದೆಯಾ! ಅದರ ಕಣ್ಣಿಗೆ ನೀನು ಬೀಳಬಾರದು ಕಣಲೇ!"

"ಆಗಲವ್ವಾ!"

ಮೂರನೆಯ ದಿನ ತಿಪ್ಪೇಶ ಕಂಬ ಹತ್ತಿದ. ಹೆಗಲ ಟವೆಲು ತೆಗೆದು ಕ್ಯಾಮೆರಾದ ಕಣ್ಣಿಗೆ ಕಟ್ಟಿದ. ಇಳಿಯುವಾಗ ಕಾಲಿನ ಕೆಳಗೆ ಕಾನ್‌ಸ್ಟೇಬಲ್ ಪಾಂಡುರಂಗಪ್ಪನವರ ಟೋಪಿ ಇತ್ತು.

"ಕಣ್ಣುಮುಚ್ಚಾಲೆ ಆಡ್ತಿದ್ದೀಯೇನೋ?"

"ಅದರ ಕಣ್ಣಿಗೆ ಬೀಳಬಾರದಂತೆ ಸಾರ್."

ಪಾಂಡುರಂಗಪ್ಪ ತಾಳ್ಮೆಯವರು. ಟವೆಲು ಬಿಚ್ಚಿಸಿ, ನೆರಳಿಗೆ ಕರೆದು ಹೇಳಿದರು: "ನೋಡಪ್ಪ, ಅದು ಬರೀ ಕಣ್ಣಲ್ಲ. ಕಾಣದ ಅಲೆ ಬಿಡುತ್ತೆ. ಆ ಅಲೆ ಗಾಡಿಗೆ ಬಡಿದು ವಾಪಸ್ ಬರುತ್ತೆ. ಗಾಡಿ ಓಡ್ತಿದ್ದರೆ ವಾಪಸ್ ಬರೋ ಅಲೆ ಬದಲಾಗಿರುತ್ತೆ. ಎಷ್ಟು ಬದಲಾಯ್ತು ಅಂತ ಲೆಕ್ಕ ಹಾಕಿ ವೇಗ ಕಂಡುಹಿಡಿಯುತ್ತೆ. ನಲವತ್ತು ದಾಟಿದರೆ ಫೋಟೋ. ಫೋಟೋದ ಮೇಲೆ ದಿನ, ಗಂಟೆ, ವೇಗ, ಗಾಡಿ ನಂಬರು. ನೋಟಿಸು ನೇರ ಗಾಡಿ ಯಾರ ಹೆಸರಲ್ಲಿದೆಯೋ ಅವರ ಮನೆಗೆ."

"ಈ ಗಾಡಿದು?"

"ನಿಮ್ಮಕ್ಕನ ಮನೆಗೆ. ನಿನ್ನೆ ಮೊಟ್ಟೆ ಸುರಿಸಿಕೊಂಡು ಹೋದೆಯಲ್ಲ, ಆ ನಿನ್ನ ಬೆನ್ನು ಇಷ್ಟೊತ್ತಿಗೆ ದಾವಣಗೆರೆ ದಾರಿ ಹಿಡಿದಿರುತ್ತೆ."

"ಬೆನ್ನು ಯಾಕೆ ಸಾರ್? ಮುಖ?"

"ನಂಬರು ಹಿಂದಿನಿಂದ ಚೆನ್ನಾಗಿ ಕಾಣುತ್ತೆ. ಮುಖ ಯಾರಿಗೆ ಬೇಕೋ!"

"ನಿಧಾನ ಹೋದರೆ ಫೋಟೋ ಇಲ್ಲವಾ?"

"ನಿಧಾನ ಹೋಗೋರ ಗೊಡವೆಗೇ ಅದು ಹೋಗಲ್ಲ."

ವಿಷಯ ತಿಳಿದ ಓಬಳಮ್ಮ ಹಣೆ ಹಣೆ ಬಡಿದುಕೊಂಡಳು. "ಸಾಕಪ್ಪ ಸಾಕು! ಇನ್ನು ನನ್ನ ಬಾಯಿ ಹೇಳಿದ್ದನ್ನು ಮಾಡಲೇಬ್ಯಾಡ. ನನ್ನ ಮನಸಿನಲ್ಲಿ ಏನೈತೆ ಅಂತ ನೋಡು, ಅದನ್ನು ಮಾಡು!"

"ಆಗಲವ್ವಾ!"

ತಿಪ್ಪೇಶ ಜಗಲಿಯ ಮೇಲೆ ಕೂತು ಅವ್ವನ ಮನಸ್ಸನ್ನು ನೋಡತೊಡಗಿದ. ಒಂದು ದಿನ ನೋಡಿದ, ಎರಡು ದಿನ ನೋಡಿದ. ಮೂರನೆಯ ದಿನ ದಾವಣಗೆರೆ ಬಸ್ಸು ಹಾರನ್ನು ಹೊಡೆಯಿತು. ಓಬಳಮ್ಮ ಒರೆಸುತ್ತಿದ್ದ ಸೆರಗನ್ನು ಸ್ಕೂಟರಿನ ಮೇಲೇ ಬಿಟ್ಟು ರಸ್ತೆಯ ಕಡೆ ನೋಡಿದಳು. ಬಸ್ಸಿನಿಂದ ಯಾರೂ ಇಳಿಯಲಿಲ್ಲ.

"ಅವ್ವಾ, ಗಾಡಿ ಹತ್ತು. ಹಿಂದಕ್ಕೆ ಮುಖ ಮಾಡಿ ಕೂತ್ಕೋ."

"ಯಾಕಲೇ?"

"ಕ್ಯಾಮೆರಾ ಹಿಂದಿನಿಂದ ಫೋಟೋ ಹಿಡೀತದೆ. ಫೋಟೋ ಅಕ್ಕನ ಮನೆಗೆ ಹೋಗ್ತದೆ."

"ಥೂ ಪೆದ್ದಾ! ಅವಳ ಮುಖ ಬ್ಯಾಡ ಅಂದೋಳು ನಾನು!"

"ಹೌದವ್ವಾ. ಅಕ್ಕನ ಮುಖ ನಿನಗೆ ತೋರಿಸಬಾರದು ಅಂದೆ. ನಿನ್ನ ಮುಖ ಅಕ್ಕನಿಗೆ ತೋರಿಸಬಾರದು ಅಂತ ಯಾರೂ ಅಂದಿಲ್ಲವಲ್ಲ!"

ಓಬಳಮ್ಮ ಸ್ಕೂಟರಿನ ಮೇಲಿದ್ದ ಸೆರಗನ್ನು ಎಳೆದುಕೊಂಡಳು. ಅವಳು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಪೆಟ್ಟಿಗೆಯ ಹಸಿರು ಸೀರೆ ಉಟ್ಟಿದ್ದಳು, ತಲೆ ಬಾಚಿದ್ದಳು. ಒಂದು ವರ್ಷ ಒರೆಸಿದ ಸೀಟಿನ ಮೇಲೆ ಮೊದಲ ಬಾರಿ ಕೂತಳು, ಹಿಂದುಮುಂದಾಗಿ.

"ಜೋರಾಗಿ ಹೋಗ್ಲಾ," ಎಂದಳು. "ನಲವತ್ತಕ್ಕೆ ಒಂದಾದರೂ ಜಾಸ್ತಿ ಆಗಬೇಕು."

ಗಾಡಿ ಕಂಬ ದಾಟಿತು. ಬೆಳಕು ಮಿಂಚಿತು.

ಹನ್ನೆರಡನೆಯ ದಿನ ದಾವಣಗೆರೆ ಬಸ್ಸಿನಿಂದ ಒಬ್ಬ ಹೆಂಗಸು ಇಳಿದಳು. ಮುಖದ ತುಂಬ ಸೆರಗು ಎಳೆದುಕೊಂಡು, ತಡವರಿಸುತ್ತ ಬಂದು ಬಾಗಿಲಲ್ಲಿ ನಿಂತಳು.

"ಯಾರವ್ವಾ ನೀನು?"

"ಮುಖ ತೋರಿಸಬ್ಯಾಡ ಅಂದಿದ್ದೆಯಲ್ಲ, ತೋರಿಸ್ತಿಲ್ಲ. ನೋಟಿಸು ತೋರಿಸೋಕೆ ಬಂದೆ." ಸೆರಗಿನೊಳಗಿನಿಂದ ಕಾಗದ ಹಿಡಿದ ಕೈ ಮುಂದೆ ಬಂತು. "ಮೂರು ತಪ್ಪು ಅವ್ವಾ. ವೇಗ ಒಂದು, ಹೆಲ್ಮೆಟ್ಟಿಲ್ಲದ್ದು ಒಂದು. ಮೂರನೆಯದಕ್ಕೆ ಏನು ಬರೆಯಬೇಕು ಅಂತ ಅವರಿಗೇ ತಿಳಿದಿಲ್ಲ. ತಿಪ್ಪೇಶನ ಬೆನ್ನು ಬಂದಾಗ ನಕ್ಕೆ. ಇದು ಬಂದಾಗ... ನಿನ್ನ ಕೂದಲು ಇಷ್ಟು ಬೆಳ್ಳಗಾಗಿದೆ ಅಂತ ನನಗೆ ಯಾರೂ ಹೇಳಲಿಲ್ಲವಲ್ಲೇ!"

"ಒಬ್ಬ ಪೆದ್ದ ಸಾಲದು ಅಂತ ನೀನೊಬ್ಬಳು!" ಎನ್ನುತ್ತ ಓಬಳಮ್ಮ ಆ ಸೆರಗನ್ನು ಎಳೆದಳು. ಆಮೇಲೆ ಆ ಮುಖವನ್ನು ಎರಡು ಕೈಯಲ್ಲೂ ಹಿಡಿದುಕೊಂಡವಳು ಒಲೆಯ ಮೇಲೆ ಹಾಲು ಉಕ್ಕಿದ್ದನ್ನೂ ನೋಡಲಿಲ್ಲ.

ಸಂಜೆ ಐದಕ್ಕೆ ಅನಸೂಯ ಎದ್ದಳು. "ಮನೇಲಿ ಹೇಳದೆ ಬಂದೀನಿ ಅವ್ವಾ. ಬಸ್ಸಿಗೆ ಹೋಗಬೇಕು."

ಓಬಳಮ್ಮ ಇರು ಎನ್ನಲಿಲ್ಲ. ಅನ್ನುವ ಅಭ್ಯಾಸ ತಪ್ಪಿಹೋಗಿತ್ತು. "ಲೇ ತಿಪ್ಪೇಶ, ಅಕ್ಕನ್ನ ಗೇಟಿಗೆ ಬಿಟ್ಟು ಬಾ," ಎಂದಳು. ಸ್ವಲ್ಪ ತಡೆದು, "ನಿಧಾನ," ಎಂದಳು.

ತಿಪ್ಪೇಶ ಅಕ್ಕನನ್ನು ಕೂರಿಸಿ ಸ್ಕೂಟರು ತಳ್ಳಿದ. ಒಂದು ಹೆಜ್ಜೆ ಇಟ್ಟ, ನಿಂತ. ಒಂದು ಹೆಜ್ಜೆ ಇಟ್ಟ, ನಿಂತ.

"ಲೇ, ಬಸ್ಸು ಬಂತು ಕಣೋ!"

"ಅವ್ವ ನಿಧಾನ ಅಂದಾಳೆ."

ಬಸ್ಸು ಹೋಯಿತು. ಮತ್ತೊಂದು ಬಂತು, ಅದೂ ಹೋಯಿತು. ಅದೇ ಆ ದಿನದ ಕೊನೆಯ ಬಸ್ಸು. ಕತೆಯ ಈ ಭಾಗಕ್ಕೆ ಯಾವ ದಾಖಲೆಯೂ ಇಲ್ಲ. ನಿಧಾನ ಹೋಗುವವರ ಗೊಡವೆಗೆ ಕ್ಯಾಮೆರಾ ಹೋಗುವುದಿಲ್ಲವಷ್ಟೆ. ಆದರೂ ಇಡೀ ಕತೆಯಲ್ಲಿ ನಾನು ನಂಬುವುದು ಇದೊಂದನ್ನೇ.

ಇಬ್ಬರೂ ಮನೆಗೆ ತಿರುಗಿ ಬಂದರು. "ಬಸ್ಸು ತಪ್ಪಿತವ್ವಾ!" ಎಂದು ತಿಪ್ಪೇಶ ಬೈಗುಳಕ್ಕೆ ತಲೆ ತಗ್ಗಿಸಿ ನಿಂತ.

"ಕೈ ತೊಳ್ಕೋ ಹೋಗು, ಪೆದ್ದ ಮುಂಡೇದೇ," ಎಂದಳು ಓಬಳಮ್ಮ.

ಒಲೆಯ ಪಕ್ಕದಲ್ಲಿ ಮೂರು ತಟ್ಟೆ ಆಗಲೇ ಹಾಕಿಟ್ಟಿದ್ದಳು.