ಪಂಪಿಗೆ ಬಿದ್ದ ಹಾರ

ಕಲ್ಯಾಣ ಮಂಟಪದ ಅಡುಗೆಮನೆ ಬೀದಿಯ ಚರಂಡಿಗಿಂತ ತಗ್ಗಿನಲ್ಲಿತ್ತು. ಅಲ್ಲಿನ ಕೊಳಚೆ ಗುಂಡಿಯ ನೀರನ್ನು ಮೇಲಕ್ಕೆತ್ತಲು ಹೊಸ ಪಂಪು ಬಂದಾಗ ಮ್ಯಾನೇಜರ್ ಚನ್ನವೀರಪ್ಪ ಕುಂಕುಮವಿಟ್ಟು, ಚೆಂಡುಹೂವಿನ ಹಾರವನ್ನು ಮೂರು ಸುತ್ತು ಬಿಗಿದರು. ಪಕ್ಕದಲ್ಲಿ ಕರೆಂಟು ವೈರಿನ ತುದಿಯಲ್ಲಿ ನೇತಾಡುತ್ತಿದ್ದ ಫ್ಲೋಟು ಎಂಬ ಪುಟ್ಟ ತೇಲುವ ಸ್ವಿಚ್ಚೂ ಅದರೊಳಗೆ ಸಿಕ್ಕಿಕೊಂಡಿತು.

“ಪಂಪಣ್ಣಾ, ಹಾರ ಕೊಡವಿಬಿಡು! ನೀರು ಏರಿದಾಗ ನಾನು ತೇಲಿ ಎದ್ದರೆ ಮಾತ್ರ ನಿನಗೆ ಕರೆಂಟು ಬರುವುದು,” ಎಂದಿತು ಫ್ಲೋಟು.

“ಕೊಳಕನ್ನೆಲ್ಲ ಅರೆದು ಮೇಲಕ್ಕೆಸೆಯುವವನು ನಾನು. ತೇಲುವುದೂ ಒಂದು ಕೆಲಸವೇ? ಸುಮ್ಮನಿರು,” ಎಂದಿತು ಪಂಪು.

ಪ್ಲಂಬರ್ ದಸ್ತಗೀರ್ ಹಾರ ತೆಗೆಯಲು ಹೋದ. “ಪೂಜೆ ಮಾಡಿದ್ದು, ಇವತ್ತು ಮುಟ್ಟಬೇಡಪ್ಪ,” ಎಂದರು ಚನ್ನವೀರಪ್ಪ. ಪಂಪು ಹಾರದ ಸಮೇತ ಸರಪಳಿಯಲ್ಲಿ ತೂಗುತ್ತ ಗುಂಡಿಗಿಳಿಯಿತು.

ಮೊದಲ ಪಂಕ್ತಿ ಎದ್ದಿತು. ಪಾತ್ರೆ ತೊಳೆದ ನೀರು ಧೋ ಎಂದು ಸುರಿಯಿತು! ಗುಂಡಿ ತುಂಬಿತು, ಉಕ್ಕಿತು, ಪಾಯಸದ ಕೊಪ್ಪರಿಗೆಯತ್ತ ಹರಿಯಿತು! ಫ್ಲೋಟು ಎಷ್ಟು ಜಗ್ಗಿದರೂ ಏಳಲಾಗಲಿಲ್ಲ. ಪಂಪು ನೀರಿನಡಿ ಮೂಕವಾಗಿ ಕೂತಿತ್ತು.

“ಅಯ್ಯೋ, ಹಾರ ಕಿತ್ತು ಹಾಕಪ್ಪಾ!” ಎಂದು ಚನ್ನವೀರಪ್ಪನವರೇ ಕೂಗಿದರು. ದಸ್ತಗೀರ್ ಸರಪಳಿ ಎಳೆದು ಪಂಪನ್ನೆತ್ತಿ, ಹಾರ ಹರಿದು, ಮತ್ತೆ ಇಳಿಬಿಟ್ಟ. ಫ್ಲೋಟು ಚಂಗನೆ ಮೇಲೆದ್ದಿತು. ಪಂಪು ಗುರ್ರೆಂದಿತು! ನೀರು ಸರಸರ ಇಳಿಯಿತು.

ಎರಡನೇ ಪಂಕ್ತಿಗೆ ಎಲೆ ಹಾಕಿದರು. ಅಂದಿನಿಂದ, ಫ್ಲೋಟು ಏಳುವವರೆಗೂ ಪಂಪು ಬಾಯಿ ಬಿಟ್ಟಿಲ್ಲ.