ಸೋದರಮಾವನ ಗುಂಡು

ಕಣಿವೆಹಟ್ಟಿಯಿಂದ ಗುಡ್ಡಕ್ಕೆ ಹೋಗುವ ಬಂಡಿದಾರಿಯ ಪಕ್ಕದಲ್ಲಿ ಆಳೆತ್ತರದ ಒಂದು ಕರಿಗುಂಡು ನಿಂತಿದೆ. ಅದಕ್ಕೆ ಗುಡಿಯಿಲ್ಲ, ಗೋಪುರವಿಲ್ಲ, ಪೂಜಾರಿಯ ಕಾಟವೂ ಇಲ್ಲ. ಊರವರು ಇದನ್ನು ಸೋದರಮಾವನ ಗುಂಡು ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಊರಿನ ಗಂಡಸರನ್ನೆಲ್ಲ ಕೋಟೆ ಕಾಯಲು ಕರೆದೊಯ್ದರಂತೆ. ಅವರು ಅತ್ತ ಹೋದದ್ದೇ ತಡ, ಇತ್ತ ಶತ್ರುಗಳ ಕುದುರೆಸವಾರರು ನುಗ್ಗಿ ನೆಲದೊಳಗಿನ ಹಗೇವುಗಳಲ್ಲಿದ್ದ ರಾಗಿಯನ್ನೆಲ್ಲ ಬಳಿದುಕೊಂಡು ಹೋದರು. ಮಾಳಿಗೆಗಳ ಮೇಲಿದ್ದ ಸಿಹಿಗುಂಬಳಗಳನ್ನು ಮಾತ್ರ, ಹೊರಲಾರದ ಭಾರವೆಂದು, ಮುಟ್ಟಲಿಲ್ಲ. ಆ ಕಾಯಿಯ ಸಿಪ್ಪೆ ಮರದಂತೆ ಗಟ್ಟಿ. ಆರು ತಿಂಗಳಿಟ್ಟರೂ ಕೆಡುವುದಿಲ್ಲ. ಊರು ಉಳಿಯಲು ಅಷ್ಟು ಸಾಕಿತ್ತು. ಆದರೆ ಇಡೀ ಕುಂಬಳಕ್ಕೆ ಮೊದಲ ಕತ್ತಿ ಹಾಕಬೇಕಾದವನು ಗಂಡಸು ಎಂಬುದು ರೂಢಿ. ಊರಲ್ಲಿ ಉಳಿದ ಗಂಡುಗಳೋ, ಹಾಲುಹಲ್ಲಿನವು! ಮಾಳಿಗೆಯ ಮೇಲೆ ಅನ್ನವಿಟ್ಟುಕೊಂಡು ಉಪವಾಸ ಬಿದ್ದ ಊರು ಇನ್ನೊಂದಿರಲಾರದು.

ಸಿರಿಯಮ್ಮನೆಂಬ ಸೊಸೆಗೆ ಮೂರು ವರ್ಷದ ಒಬ್ಬನೇ ಮಗ, ಚಿತ್ತ. ಅಳಿದುಳಿದ ಕಾಳಿನ ನೀರುಗಂಜಿಯಲ್ಲಿ ಅವನು ಸೊರಗಿದ. ಸಂಜೆಯಾದರೆ ಕಣ್ಣು ಕಾಣದೆ ಗೋಡೆ ತಡವತೊಡಗಿದ. ಸಿರಿಯಮ್ಮ ಕತ್ತಿ ಹಿಡಿದಾಗ ಅತ್ತೆ ದೊಡ್ಡಕರಿಯಮ್ಮ ಅಡ್ಡ ನಿಂತಳು: “ಹೆಂಗಸು ಕುಂಬಳಕಾಯಿ ಕೊಯ್ದ್ರೆ ಹಿರೀಮಗನ ತಲೆ ಕೊಯ್ದಂಗೆ ಕಣಮ್ಮಿ.” ಮುದುಕಿಯೇನೂ ಕೇಡಿಯಲ್ಲ, ಮೊಮ್ಮಗನ ಮೇಲಿನ ಪ್ರೀತಿಯಿಂದಲೇ ಹೆದರಿದ್ದಳು. ತಾಯಿ ಕತ್ತಿ ಕೆಳಗಿಟ್ಟಳು. ಕೊಯ್ದರೂ ಮಗ ಹೋಗುತ್ತಾನೆ, ಬಿಟ್ಟರೂ ಹೋಗುತ್ತಾನೆ. ಕೊನೆಗೆ ಕಾಯಿಯನ್ನು ಹೊತ್ತು ಈ ಗುಂಡಿನ ಮುಂದೆ ಬಂದು, “ಅಣ್ಣಯ್ಯ, ನಂಗೆ ಒಡಹುಟ್ಟಿದೋರು ಯಾರೂ ಇಲ್ಲ. ಇವತ್ತಿಂದ ನೀನೇ ನಮ್ಮಣ್ಣ. ನೀನೇ ಒಡ್ದು ಕೊಡು” ಎಂದು ಎತ್ತಿ ಗುಂಡಿನ ಅಂಚಿಗೆ ಅಪ್ಪಳಿಸಿದಳು. ಕಾಯಿ ಎರಡು ಹೋಳಾಯಿತು. ಒಡೆದವನು ಅಣ್ಣ, ಅಂದರೆ ಗಂಡಸೇ ಆದ ಮೇಲೆ ಅತ್ತೆ ದಾರಿ ಬಿಟ್ಟಳು. ಮರುದಿನ ಊರಿನ ಹೆಂಗಸರೆಲ್ಲ ಕಾಯಿ ಹೊತ್ತು ಗುಂಡಿನ ಮುಂದೆ ಸಾಲುಗಟ್ಟಿದರು.

ಅರಿಶಿನ ಬಣ್ಣದ ತಿರುಳು ಬೆಂದು ಮಕ್ಕಳ ಹೊಟ್ಟೆ ತುಂಬಿತು. ಹುರಿದ ಬೀಜ ಬಾಣಂತಿಯರಿಗೆ ಬಲ ಕೊಟ್ಟಿತು. ‘ನಿಮ್ಮ ಮಾವ ಕೊಟ್ಟಿದ್ದು’ ಎಂದು ಹೇಳಿ ಸಿರಿಯಮ್ಮ ಮಗನಿಗೆ ತಿನ್ನಿಸುತ್ತಿದ್ದಳು. ಆದರೂ ಏನು ಕೇಡು ಕಾದಿದೆಯೋ ಎಂದು ಅತ್ತೆಗೆ ದಿಗಿಲು ತಪ್ಪಲಿಲ್ಲ. ತಿಂಗಳು ಕಳೆದು ಒಂದು ಮುಸ್ಸಂಜೆ, ಅವಳ ಕಂಕುಳಲ್ಲಿದ್ದ ಚಿತ್ತ ಆ ಮಬ್ಬಿನಲ್ಲೂ ದೂರದ ಗುಂಡನ್ನು ಕಂಡು ಕೈ ಚಾಚಿ, “ಅಜ್ಜೀ, ಅಗಾ ಮಾವ!” ಎಂದನಂತೆ. ಮುದುಕಿ ದಾರಿಯಲ್ಲೇ ಕುಸಿದು ಕುಳಿತು ಅತ್ತಳು ಎನ್ನುತ್ತಾರೆ.

ಇಂದು ಹೋದವರಿಗೂ ಗುಂಡಿನ ಒಂದು ಅಂಚು ಸವೆದು ನುಣುಪಾಗಿರುವುದು, ಬುಡದಲ್ಲಿ ಯಾರೂ ಬಿತ್ತದ ಬಳ್ಳಿ ಹಬ್ಬಿರುವುದು ಕಾಣುತ್ತದೆ. ವರ್ಷದ ಮೊದಲ ಕಾಯಿಯನ್ನು ಊರಿನ ಹೆಂಗಸರೇ ಇಲ್ಲಿ ಒಡೆಯುತ್ತಾರೆ. ಗಂಡಸರು ಪಾತ್ರೆ ಹಿಡಿದು ನಿಂತಿರುತ್ತಾರೆ. ಮೊದಲ ತುತ್ತು ಪ್ರತಿ ಮನೆಯ ಹಿರಿಯ ಮಗನಿಗೆ. ಅದನ್ನು ತಿನ್ನಿಸುವವಳು ಅಜ್ಜಿ.