ಬೀಗದ ವ್ಯಾಪಾರಿಯ ಉಡುದಾರ

“ಗುರುಗಳೇ, ಎಲ್ಲರ ಮೇಲೂ ಒಂದು ಕಣ್ಣಿಟ್ಟವನು ಎಂದೂ ಮೋಸ ಹೋಗುವುದಿಲ್ಲ, ಅಲ್ಲವೇ?” ಎಂದು ಶಿಷ್ಯ ಕೇಳಿದ.

ಮಠದ ಉಗ್ರಾಣದ ಜವಾಬ್ದಾರಿ ಅವನಿಗೆ ಬಂದು ಸ್ವಲ್ಪ ದಿನವಾಗಿತ್ತು. ಬಂದವನೇ ಉಗ್ರಾಣಕ್ಕೆ ಹೊಸ ಬೀಗ ಹಾಕಿದ್ದ. ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡಿದ್ದ; ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಜೊತೆಯವರು ಅವನ ಪಕ್ಕದಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟಿದ್ದರು. ಗುರುಗಳು ಅದನ್ನೆಲ್ಲ ನೋಡಿದ್ದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಒಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೀಗದ ವ್ಯಾಪಾರಿ. ದಿನವಿಡೀ ಬೀಗ ಮಾರುವವನಿಗೆ ಊರವರೆಲ್ಲ ಕಳ್ಳರಂತೆ ಕಂಡರೆ ಆಶ್ಚರ್ಯವಿಲ್ಲ. ಬೀಗ ಕೊಳ್ಳಲು ಬಂದವನನ್ನೂ ಅವನು ಮೇಲಿಂದ ಕೆಳಗೆ ಒಮ್ಮೆ ನೋಡಿಯೇ ಬೀಗ ಕೊಡುತ್ತಿದ್ದ. ನಲವತ್ತು ದಾಟಿದ ಮೇಲೆ ಅವನಿಗೊಂದು ಹುಚ್ಚು ಹಿಡಿಯಿತು. ಈಜಿ, ಸೈಕಲ್ ತುಳಿದು, ಓಡಿ, ಮೂರನ್ನೂ ನಡುವೆ ಬಿಡುವಿಲ್ಲದೆ ಮುಗಿಸುವ ಪಂದ್ಯದ ಹುಚ್ಚು. ಟ್ರಯಥ್ಲಾನ್ ಎನ್ನುತ್ತಾರೆ. ಚಿಕ್ಕ ಪಂದ್ಯಗಳನ್ನು ಹೇಗೋ ಮುಗಿಸಿದ. ಆಮೇಲೆ ಮೊದಲ ಸಲ ಉದ್ದದ ಪಂದ್ಯಕ್ಕೆ ಹೆಸರು ಕೊಟ್ಟ. ಬೆಳಗ್ಗೆ ನೀರಿಗಿಳಿದವನು ಕೊನೆಯ ಗೆರೆ ದಾಟುವಾಗ ಮಧ್ಯಾಹ್ನ ಕಳೆದಿರುವಂಥ ಪಂದ್ಯ ಅದು.

ಒಂದು ವರ್ಷ ಅಭ್ಯಾಸ ಮಾಡಿದ, ಒಬ್ಬನೇ. ಕಲಿಸುವವರು ಬೇಡ, ಜೊತೆಗಾರರು ಬೇಡ. ಕಲಿಸುವವನು ತಪ್ಪು ಹೇಳಿಕೊಡುತ್ತಾನೆ, ಜೊತೆಗೆ ಓಡುವವನು ಗುಟ್ಟು ತಿಳಿದುಕೊಳ್ಳುತ್ತಾನೆ ಎಂದು ಅವನ ಭಯ. ಮೊದಲಿಗನಾಗಬೇಕೆಂಬ ಆಸೆ ಅವನಿಗಿರಲಿಲ್ಲ. ಗೆರೆ ದಾಟಿದರೆ ಸಾಕು, ಯಾರ ಹಂಗೂ ಇಲ್ಲದೆ ಬದುಕಿನಲ್ಲಿ ಒಂದು ದೊಡ್ಡ ಕೆಲಸ ಮಾಡಿದಂತಾಗುತ್ತದೆ ಎಂದುಕೊಂಡಿದ್ದ. ಆ ಒಂದು ಆಸೆಗಾಗಿ ಹಬ್ಬದ ದಿನವೂ ಅವನು ಮನೆಯಲ್ಲಿ ಕೂತವನಲ್ಲ.

ಪಂದ್ಯದ ದಿನ ಕೆರೆಯ ದಂಡೆಯಲ್ಲಿ ಕಬ್ಬಿಣದ ಸರಳುಗಳಿಗೆ ಎಲ್ಲರ ಸೈಕಲ್ಲುಗಳನ್ನೂ ಸಾಲಾಗಿ ನೇತುಹಾಕಿದ್ದರು. ವ್ಯಾಪಾರಿಯ ಪಕ್ಕದ ಜಾಗ ಒಬ್ಬ ದರ್ಜಿಯದು. ದರ್ಜಿ ತಾನಾಗಿಯೇ ಮಾತಾಡಿಸಿದ, ತಾನು ಬಟ್ಟೆ ಹೊಲಿಯುವವನೆಂದು ಹೇಳಿಕೊಂಡ. ಮಾತಾಡುತ್ತಲೇ ಅವನ ಕಣ್ಣು ವ್ಯಾಪಾರಿಯ ಭುಜದಿಂದ ಸೊಂಟಕ್ಕೆ, ಸೊಂಟದಿಂದ ಪಕ್ಕದ ಸೈಕಲ್ಲಿಗೆ ಹೋಯಿತು. ಅಳತೆ ತೆಗೆಯುವವರ ಕಣ್ಣು ಹಾಗೆಯೇ ಓಡಾಡುತ್ತದೆ. ವ್ಯಾಪಾರಿಗೆ ಅದು ಹೊಳೆಯಲಿಲ್ಲ. ಕೇಳದೆ ಮಾತಾಡಿಸುವವನಿಗೆ ಏನೋ ಬೇಕಾಗಿರುತ್ತದೆ; ಇವನು ನನಗಿಂತ ಮೊದಲು ದಡ ಹತ್ತಿ ಬಂದು ನನ್ನ ಚಕ್ರದ ಗಾಳಿ ಬಿಡುತ್ತಾನೆ ಎಂದು ತೀರ್ಮಾನಿಸಿದ.

ಈ ಪಂದ್ಯದಲ್ಲಿ ಸೈಕಲ್ಲಿಗೆ ಬೀಗ ಹಾಕುವವರಿಲ್ಲ. ನೀರಿನಿಂದ ಎದ್ದವನು ಸರಳಿನಿಂದ ಸೈಕಲ್ ಎಳೆದುಕೊಂಡು ಓಡುತ್ತಾನೆ. ಕಾಯಲು ಕಾವಲಿನವರಿದ್ದಾರೆ. ಆದರೆ ಕಾವಲಿನವರ ಮುಖವೂ ವ್ಯಾಪಾರಿಗೆ ಸರಿಕಾಣಲಿಲ್ಲ. ಅವರು ಆ ಕಡೆ ಹೋದ ಕೂಡಲೇ, ಅಂಗಡಿಯಿಂದ ತಂದಿದ್ದ ಗಟ್ಟಿ ಸರಪಳಿಯಿಂದ ಚಕ್ರವನ್ನೂ ಸರಳನ್ನೂ ಸೇರಿಸಿ ಬೀಗ ಜಡಿದ. ಮೇಲೆ ಟವೆಲ್ ಹೊದಿಸಿದ. ಬೀಗದ ಕೈ ಎಲ್ಲಿಡುವುದು? ಬೂಟಿನಲ್ಲಿಟ್ಟರೆ ದರ್ಜಿಗೆ ಸಿಗುತ್ತದೆ. ಚೀಲದಲ್ಲಿಟ್ಟರೆ ಕಾವಲಿನವರಿಗೆ ಸಿಗುತ್ತದೆ. ಕೊನೆಗೆ ಮೈಗಂಟಿದ ಈಜುಡುಗೆಯ ಒಳಗೆ, ಉಡುದಾರಕ್ಕೆ ಕಟ್ಟಿಕೊಂಡ.

ನೀರಿನಲ್ಲಿ ನೂಕುನುಗ್ಗಲು. ಯಾರದೋ ಕೈ ಅವನ ಕಾಲಿಗೆ ತಾಗಿತು, ಯಾರದೋ ಮೊಣಕೈ ಸೊಂಟಕ್ಕೆ ಬಡಿಯಿತು. ಬೇಕೆಂದೇ ಮಾಡುತ್ತಿದ್ದಾರೆ ಎಂದು ಅವನು ಗುಂಪು ಬಿಟ್ಟು ದೂರ ಸರಿದು ಈಜಿದ. ದಾರಿ ಉದ್ದವಾಯಿತು, ತೋಳು ಸೋತಿತು. ಆದರೂ ಬಿಡದೆ ದಡ ಹತ್ತಿದ. ಸೈಕಲ್ ಹೊರಡಲು ಕೊಟ್ಟ ಹೊತ್ತು ಇನ್ನೂ ಮುಗಿದಿರಲಿಲ್ಲ.

ಓಡಿಬಂದು ಉಡುಪಿನೊಳಗೆ ಕೈ ಹಾಕಿದ. ಉಡುದಾರ ಹರಿದಿತ್ತು. ಎಳೆದರೆ ಬರಿಯ ದಾರ ಬಂತು. ಹೊಟ್ಟೆ ತಡವಿದ, ತೊಡೆ ತಡವಿದ, ಏನೂ ಇಲ್ಲ. ತಣ್ಣೀರಿಗೆ ಮೈಯೆಲ್ಲ ಮರಗಟ್ಟಿತ್ತು. ಸೊಂಟಕ್ಕೆ ಬಡಿದ ಮೊಣಕೈ ಅವನಿಗೆ ನೆನಪಾಯಿತು. ಪಕ್ಕದಲ್ಲಿ ದರ್ಜಿ ಕೂತು ಬೂಟು ಹಾಕಿಕೊಳ್ಳುತ್ತಿದ್ದ.

“ಬೀಗದ ಕೈ ಕೊಡು,” ಎಂದ ವ್ಯಾಪಾರಿ.

“ಯಾವ ಕೈ ಅಣ್ಣಾ? ನನ್ನ ಹತ್ರ ಇರೋದು ಇವೆರಡೇ,” ಎಂದು ದರ್ಜಿ ತನ್ನ ಒದ್ದೆ ಕೈಗಳನ್ನು ತೋರಿಸಿದ. ಆಮೇಲೆ ಎದ್ದು ಅವನನ್ನೇ ನೋಡುತ್ತ ಹತ್ತಿರ ಬಂದು, “ಒಂದ್ನಿಮಿಷ ಆ ಕಡೆ ತಿರುಗಿ ನಿಂತ್ಕೊಳ್ಳಿ,” ಎಂದ.

ತಿರುಗಿ ನಿಲ್ಲಬೇಕಂತೆ! ಬೆನ್ನು ತಿರುಗಿಸಿದರೆ ಇನ್ನೇನು ಕಾದಿದೆಯೋ. “ದೂರ ನಿಲ್ಲು, ಮೈ ಮುಟ್ಟಬೇಡ,” ಎಂದು ವ್ಯಾಪಾರಿ ಗದರಿದ. ದರ್ಜಿ ಹಿಂದೆ ಸರಿದ. ಅವನಿಗೂ ಹೊತ್ತಾಗುತ್ತಿತ್ತು. ಸೈಕಲ್ ಎಳೆದುಕೊಂಡು ಹೊರಟುಹೋದ.

ಕಾವಲಿನವರು ಓಡಿಬಂದು ಕಲ್ಲಿನಿಂದ ಬೀಗ ಕುಟ್ಟಿದರು. ವ್ಯಾಪಾರಿ ಸರಳಿಗೆ ಬೆನ್ನೊತ್ತಿ ನಿಂತು, ಕುಟ್ಟುವವರ ಮೇಲೇ ಕಣ್ಣಿಟ್ಟಿದ್ದ. ಬೀಗ ಜಗ್ಗಲಿಲ್ಲ. ಎಂಥ ಏಟಿಗೂ ಒಡೆಯದು ಎಂದು ಗಿರಾಕಿಗಳಿಗೆ ಹೊಗಳಿ ಹೊಗಳಿ ಮಾರಿದ ಬೀಗ ಅದು. ಅವನು ಅಂಗಡಿಯಲ್ಲಿ ಹೇಳಿದ ಮಾತು ಆವತ್ತು ನಿಜವಾಯಿತು. ಅಷ್ಟರಲ್ಲಿ ಹೊತ್ತು ಮೀರಿತು, ಸೈಕಲ್ ಹೊರಡುವ ಬಾಗಿಲು ಮುಚ್ಚಿದರು. ಅವನ ಪಂದ್ಯ ಅಲ್ಲಿಗೆ ಮುಗಿಯಿತು.

ಯಾರೂ ಇಲ್ಲದ ಕಡೆ ಹೋಗಿ ಅವನು ಒದ್ದೆ ಉಡುಪನ್ನು ಎಳೆದೆಳೆದು ಬಿಚ್ಚಿದ. ಠಣ್ ಎಂದು ಏನೋ ನೆಲಕ್ಕೆ ಬಿತ್ತು. ಬೀಗದ ಕೈ. ಹರಿದ ದಾರದಿಂದ ಜಾರಿ ಬೆನ್ನ ಕಡೆಗೆ ಹೋಗಿ, ಸೊಂಟದ ಹಿಂದೆ ಉಡುಪಿಗೂ ಮೈಗೂ ನಡುವೆ ಸಿಕ್ಕಿಕೊಂಡಿತ್ತು. ಅವನ ಕಣ್ಣಿಗೆ ಮಾತ್ರ ಕಾಣದ ಜಾಗ. ವ್ಯಾಪಾರಿ ಅಲ್ಲೇ ಕುಸಿದು ಕೂತು ಅತ್ತ.

ಸಂಜೆಯ ಹೊತ್ತಿಗೆ ದರ್ಜಿ ಕುಂಟುತ್ತಾ ನಗುತ್ತಾ ಗೆರೆ ದಾಟಿದ. ವ್ಯಾಪಾರಿ ಅವನಿಗಾಗಿಯೇ ಕಾದಿದ್ದ. ಬೀಗದ ಕೈಯನ್ನು ಮುಂದೆ ಹಿಡಿದು, “ಇದು ನಿಮಗೆ ಕಂಡಿತ್ತಾ?” ಎಂದು ಕೇಳಿದ.

“ಬೀಗದ ಕೈ ಅಂತ ಗೊತ್ತಾಗ್ಲಿಲ್ಲ ಅಣ್ಣಾ. ಹಿಂದೆ ಬಟ್ಟೆ ಉಬ್ಬಿದಂಗಿತ್ತು. ಬಟ್ಟೆ ಸರಿಯಾಗಿ ಕೂರದಿದ್ರೆ ನಮ್ಮ ಕಣ್ಣು ಅಲ್ಲಿಗೇ ಹೋಗುತ್ತೆ. ನೋಡೋಣ ಅಂತ ಬಂದೆ, ನೀವು ಬಿಡ್ಲಿಲ್ಲ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೈಯಿಂದ ಸೊಂಟ ಮುಟ್ಟಿ ನೋಡಿಕೊಂಡ. ಆಮೇಲೆ, “ಆ ದರ್ಜಿ ಹೇಳಿದ್ದು ನಿಜ ಅನ್ನುವುದಕ್ಕೆ ಏನು ಆಧಾರ, ಗುರುಗಳೇ?” ಎಂದು ಕೇಳಿದ.

ಗುರುಗಳು ಅವನ ಸೊಂಟದ ಕಡೆ ನೋಡಿ ಹೇಳಿದರು: “ಬೀಗಕ್ಕಾದರೂ ಒಂದು ಕೈ ಇದೆಯಪ್ಪ, ನಿನಗೆ ಯಾರಿದ್ದಾರೆ?”